ಕಾಲಿಗೆ ತಕ್ಕ ಕಾಲ್ಮರಿ

ಕೆರ, ಮೆಟ್ಟು, ಕಾಲ್ಮರಿ, ಚಪ್ಲಿ. ಕಾಲಿಗೆ ಹಾಕುವ ಒಂದೇ ವಸ್ತುವಿಗೆ ನಮ್ಮ ಯಾದಗಿರಿ, ಶಹಾಪುರ, ಸುರಪುರದ ಕಡೆ ಇಷ್ಟು ಹೆಸರು. ಹೆಸರಿಗೇನೂ ಬರವಿರಲಿಲ್ಲ, ಆದರೆ ಅಂಗಡಿಯಲ್ಲಿ ಕೂತು, ಕಾಲಿಟ್ಟು ನೋಡಿ, ತಾನೇ ಆರಿಸಿಕೊಂಡ ಹೆಣ್ಣುಮಗಳು ನಮ್ಮಜ್ಜಿಯ ಕಾಲದಲ್ಲಿ ಅಪರೂಪ. ಅಜ್ಜಿಯ ಪಾದದ ಉದ್ದಕ್ಕೆ ಒಂದು ಕಸಬರಿಗೆ ಕಡ್ಡಿ ಮುರಿದು ಅಜ್ಜ ಸಂತೆಗೆ ಒಯ್ಯುತ್ತಿದ್ದರು. ಉದ್ದಕ್ಕೇನೋ ಕಡ್ಡಿ ಆಯಿತು, ಅಗಲಕ್ಕೆ? ಅಗಲ ದೇವರಿಗೆ ಬಿಟ್ಟದ್ದು. ಹಿಡಿದರೆ ಹಾಕಿಕೊಳ್ಳಬೇಕು, ಹಿಡಿಯದಿದ್ದರೆ ಬರಿಗಾಲು ಇದ್ದೇ ಇದೆ.

ಈ ಹಳೆಯ ಕಡ್ಡಿ ನೆನಪಿಗೆ ಬಂದದ್ದು ನನ್ನ ತಂಗಿಯ ಮಗಳ ದೆಸೆಯಿಂದ. ಆಕೆ ಸ್ವಿಟ್ಜರ್ಲೆಂಡಿನಲ್ಲಿ ಕೆಲಸದಲ್ಲಿದ್ದಾಳೆ. ಬಿಸಿಲೂರಿನ ಕೂಸು, ಈಗ ರಜೆ ಬಂದರೆ ಹಿಮದ ಬೆಟ್ಟ ಹತ್ತುತ್ತಾಳೆ. ಎರಡೂ ಕಾಲನ್ನು ಒಂದೇ ಹಲಗೆಗೆ ಬಿಗಿದುಕೊಂಡು ಇಳಿಜಾರಿನಲ್ಲಿ ಜಾರುವ ಆಟ ಅದು. ಹಲಗೆಯನ್ನು ಅಂಚಿನ ಮೇಲೆ ವಾಲಿಸಿ, ಹಿಮದಲ್ಲಿ ಚಾಕುವಿನಿಂದ ಗೀರಿದ ಹಾಗೆ ತೆಳ್ಳನೆಯ ಗೆರೆ ಬಿಡುತ್ತ ತಿರುಗುವುದಕ್ಕೆ ಅಲ್ಲಿಯವರು ಕಾರ್ವಿಂಗ್ ಎನ್ನುತ್ತಾರೆ. ಚೆಕ್ ದೇಶದ ಎಸ್ತೆರ್ ಲೆಡೆಕ್ಕಾ ಎಂಬ ಹುಡುಗಿ 2018ರ ಚಳಿಗಾಲದ ಒಲಿಂಪಿಕ್ಸಿನಲ್ಲಿ ಸ್ಕೀಯಿಂಗಿನಲ್ಲೊಂದು, ಹಲಗೆಯ ಓಟದಲ್ಲೊಂದು ಚಿನ್ನ ಗೆದ್ದಳು. ಇಂಥ ಹಲಗೆಗೆ ಬಹುಮಂದಿ ಮೆತ್ತನೆಯ ಬೂಟು ಹಾಕಿದರೂ, ಕಾರ್ವಿಂಗಿನವರಿಗೆ ಬೇಕಾದದ್ದು ಪ್ಲಾಸ್ಟಿಕ್ಕಿನ ಗಟ್ಟಿ ಬೂಟು. ಮೊಣಕಾಲು ಒಂದಿಷ್ಟು ಬಾಗಿದರೆ ಸಾಕು, ಆ ಒತ್ತು ನೇರ ಹಲಗೆಯ ಅಂಚಿಗೆ ಮುಟ್ಟಬೇಕು. ನಡುವೆ ಬೂಟು ನುಂಗಬಾರದು.

"ದೊಡ್ಡವ್ವಾ, ಬೂಟು ಆರಿಸೂದರಾಗ ಮೂರು ತಾಸು ಹೋತು" ಎಂದು ಫೋನಿನಲ್ಲಿ ವರದಿ ಒಪ್ಪಿಸಿದಳು. ಅಲ್ಲಿ ಅಳತೆಯೆಂದರೆ ಪಾದದ ಉದ್ದ, ಸೆಂಟಿಮೀಟರಿನಲ್ಲಿ. (ಅಜ್ಜನ ಕಡ್ಡಿಯೇ ಸಮುದ್ರ ದಾಟಿ ಹೋದಂತಾಯಿತಲ್ಲ!) ಮೊದಲು ಒಳಗಿನ ಮೆತ್ತೆ ತೆಗೆದು ಬರೀ ಚಿಪ್ಪಿನಲ್ಲಿ ಕಾಲಿಡಬೇಕು. ಬೆರಳು ಮುಂದಕ್ಕೆ ತಾಗಿಸಿ ನಿಂತರೆ ಹಿಮ್ಮಡಿಯ ಹಿಂದೆ ಒಂದು ಬೆರಳು ಹೋಗುವಷ್ಟು ಜಾಗ ಇರಬೇಕು. ಆಮೇಲೆ ಮೆತ್ತೆ ಹಾಕಿ, ಮೊಣಕಾಲು ಬಾಗಿಸಿದಾಗ ಹಿಮ್ಮಡಿ ಮೇಲೇಳಬಾರದು. ಸಡಿಲ ಬೂಟು ಹಾಯೆನಿಸುತ್ತದೆ, ಆದರೆ ಹಲಗೆ ಮಾತು ಕೇಳುವುದಿಲ್ಲ. ಅತಿ ಗಟ್ಟಿಯಾದರೆ ಕಣಕಾಲೇ ಬಾಗುವುದಿಲ್ಲ. ಹಗುರ ಮೈಯವರು, ಹೊಸಬರು ಒಂದಿಷ್ಟು ಮಣಿಯುವುದನ್ನೇ ಕೊಳ್ಳಬೇಕು. ಅಂಗಡಿಯಾತ ಮೆತ್ತೆಯನ್ನು ಬಿಸಿ ಮಾಡಿ ಅವಳ ಪಾದದ ಅಚ್ಚಿಗೇ ಕೂರಿಸಿಕೊಟ್ಟನಂತೆ.

ಬಿಸಿಯಿಲ್ಲದೆ ಇದೇ ಕೆಲಸವನ್ನು ನಮ್ಮ ಕಡೆಯ ಚರ್ಮದ ಚಪ್ಪಲಿ ಮಾಡಿಕೊಂಡು ಬಂದಿದೆ. ಎಮ್ಮೆಯ ತೊಗಲು, ತಂಗಡಿ ತೊಗಟೆ, ಅಳಲೆಕಾಯಿ, ಸುಣ್ಣ. ವಾರಗಟ್ಟಲೆ ನೆನೆದು ಹದವಾದ ತೊಗಲಿನ ಅಟ್ಟೆ ಮೊದಮೊದಲು ಹಲಗೆಯಷ್ಟೇ ಗಟ್ಟಿ. ಶಹಾಪುರದಲ್ಲಿ ನಾನು ಚಪ್ಪಲಿ ಹೊಲಿಸುತ್ತಿದ್ದ ಮುದುಕ, ಕಾಗದದ ಮೇಲೆ ಎರಡೂ ಪಾದ ಇಡಿಸಿ ಪೆನ್ಸಿಲಿನಿಂದ ಸುತ್ತು ಗೆರೆ ಎಳೆಯುತ್ತಿದ್ದ. ಒಂದೇ ಪಾದ ಅಳೆದು ಮುಗಿಸಿದವನಲ್ಲ. ಎರಡೂ ಒಂದೇ ಸಮ ಇರುವವರು ಕಡಿಮೆ. ಬಿಗಿಯಾಯಿತೆಂದರೆ, "ಹೊಸ ಚಪ್ಲಿ ಕಚ್ಚಬೇಕವ್ವಾ. ಕಚ್ಚಲಾರದ ಚಪ್ಲಿ ಬಾಳಂಗಿಲ್ಲ" ಅನ್ನುತ್ತಿದ್ದ. ಔಡಲೆಣ್ಣೆ ಸವರಿ ಹದಿನೈದು ದಿನ ಮೆಟ್ಟಿದರೆ ಅಟ್ಟೆಯಲ್ಲಿ ನಮ್ಮ ಹೆಬ್ಬೆರಳಿನ ಗುಳಿ ಬೀಳುತ್ತಿತ್ತು. ಆಮೇಲೆ ಆ ಜೋಡು ಇನ್ನೊಬ್ಬರಿಗೆ ಒಗ್ಗುವುದಿಲ್ಲ.

ಇಂಥ ಕೈಕೆಲಸದ ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಮಹಾರಾಷ್ಟ್ರದ ನಾಲ್ಕು ಜಿಲ್ಲೆ, ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳ ಹೆಸರು ಅದರಲ್ಲಿವೆ, ನಮ್ಮ ಜಿಲ್ಲೆಯದಿಲ್ಲ. 2025ರಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ಪ್ರದರ್ಶನದಲ್ಲಿ ಹೆಚ್ಚುಕಡಿಮೆ ಇದೇ ಚಪ್ಪಲಿ ತೋರಿಸಿ, ಗದ್ದಲವಾದ ಮೇಲೆ ಮೂಲ ಭಾರತದ್ದೆಂದು ಒಪ್ಪಿಕೊಂಡಿತು.

ನಮ್ಮ ಸೀಮೆಯಲ್ಲಿ ಚಪ್ಪಲಿಯ ಕಥೆ ಎಂದರೆ ಹರಳಯ್ಯನವರಿಂದಲೇ ಶುರು. ಬಸವಣ್ಣನವರು ತಮ್ಮ ಒಂದು ಶರಣಿಗೆ ಎರಡು ಶರಣು ಹೇಳಿದರೆಂದು, ಆ ಋಣಕ್ಕೆ ಹರಳಯ್ಯ, ಕಲ್ಯಾಣಮ್ಮ ದಂಪತಿ ತಮ್ಮ ತೊಡೆಯ ಚರ್ಮದಿಂದ ಚಮ್ಮಾವುಗೆ ಮಾಡಿದರು. ಬಸವಣ್ಣನವರು ಅದನ್ನು ಮೆಟ್ಟದೆ ತಲೆಯ ಮೇಲಿಟ್ಟುಕೊಂಡರು ಎಂಬುದು ಜನ ಹೇಳಿಕೊಂಡು ಬಂದ ಕಥೆ. ಹೇಳುವವರು ಹರಳಯ್ಯನ ಹೆಸರು ಎತ್ತುತ್ತಾರೆ. ಒಂದು ಕಾಲಿನ ಚರ್ಮ ಕಲ್ಯಾಣಮ್ಮನದು ಎಂಬುದನ್ನು ನಾವು ಹೆಂಗಸರಾದರೂ ಒತ್ತಿ ಹೇಳಬೇಡವೆ? ಅವರ ಮಗನಿಗೂ ಬ್ರಾಹ್ಮಣನಾಗಿದ್ದ ಮಧುವಯ್ಯನ ಮಗಳಿಗೂ ನಡೆದ ಮದುವೆಗಾಗಿ ಹನ್ನೆರಡನೆಯ ಶತಮಾನದ ಕಲ್ಯಾಣ ಹೊತ್ತಿ ಉರಿಯಿತು.

ಅರಮನೆಗಳಲ್ಲೂ ಮೆಟ್ಟಿನ ಜಗಳ ಕಡಿಮೆಯದಲ್ಲ. 1858ರಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕರ ಬಂಡಾಯ ಮುರಿದ ಮೇಲೆ, 1860ರಲ್ಲಿ ಬ್ರಿಟಿಷರು ಆ ಸಂಸ್ಥಾನವನ್ನು ಹೈದರಾಬಾದಿನ ನಿಜಾಮರಿಗೆ ಕೊಟ್ಟರು. ನಿಜಾಮರ ದರ್ಬಾರಿಗೆ ಹೋದ ಬ್ರಿಟಿಷ್ ರೆಸಿಡೆಂಟನೂ ಬೂಟು ಕಳಚಿ ನೆಲಕ್ಕೆ ಕೂರಬೇಕಿತ್ತು. 1869ರಲ್ಲಿ ಮೂರು ವರ್ಷವೂ ತುಂಬದ ಮೆಹಬೂಬ್ ಅಲಿಖಾನರು ಗಾದಿಗೆ ಬಂದಾಗ ಇಂಗ್ಲಿಷರು ಸಮಯ ಸಾಧಿಸಿದರು: ಇನ್ನು ಬೂಟು ಬಿಚ್ಚುವುದಿಲ್ಲ, ಕುರ್ಚಿಯೇ ಬೇಕು. ಹಾಗೇ ಆಯಿತು. ಕೂಸಿನ ಎದುರು ಗೆದ್ದ ಗೆಲುವು ಅದು.

ನಮ್ಮ ಓಣಿಗೆ ರೆಸಿಡೆಂಟನ ಗೆಲುವು ಬರಲಿಲ್ಲ. ಸೊಸೆಯಾದವಳು ಹಿರಿಯರ ಕಟ್ಟೆಯ ಮುಂದೆ ಚಪ್ಪಲಿ ಕೈಯಲ್ಲಿ ಹಿಡಿದು ದಾಟಬೇಕಿತ್ತು. 1956ರಲ್ಲಿ ನಮ್ಮ ಭಾಗ ಮೈಸೂರು ರಾಜ್ಯಕ್ಕೆ ಸೇರಿದ ಬಳಿಕ ಅವ್ವನಿಗೆ ಸಾಲಿ ಮಾಸ್ತರಿಕೆ ಸಿಕ್ಕಿತು. ಮೊದಲ ಸಂಬಳದಲ್ಲಿ ತಾನೇ ಹೋಗಿ, ತನ್ನ ಕಾಲಿಗೇ ಅಳತೆ ಕೊಟ್ಟು ಒಂದು ಜೋಡು ಹೊಲಿಸಿಕೊಂಡಳು. ಗಟ್ಟಿ ಅಟ್ಟೆ, ನಡೆದರೆ ಕಿರ್ ಕಿರ್ ಸದ್ದು. ಕಟ್ಟೆಯ ಮೇಲಿನವರು ಕೆಮ್ಮಿದರು. ಅವ್ವ ಮೆಟ್ಟಿಕೊಂಡೇ ಹೋದಳು.

ಅಸ್ಪೃಶ್ಯತೆಯ ಆಚರಣೆಗೆ ಶಿಕ್ಷೆ ವಿಧಿಸುವ ಕಾನೂನು 1955ರಲ್ಲೇ ಬಂದಿತ್ತು. ಆದರೂ ಆ ಜೋಡು ಹೊಲಿದಾತ ನಮ್ಮ ಓಣಿಗೆ ಬರುವಾಗ ತನ್ನ ಕಾಲಿನವನ್ನು ಕಳಚಿ ಕಂಕುಳಲ್ಲಿ ಇಟ್ಟುಕೊಳ್ಳುತ್ತಿದ್ದ. ಅವ್ವ ಒಂದು ಮುಂಜಾನೆ, "ಕಾಕಾ, ಮೆಟ್ಕೊಂಡೇ ಬರ್ರಿ" ಅಂದಳಂತೆ. ಆತ ಓಣಿಯ ಎರಡೂ ತುದಿ ನೋಡಿ, "ನೀವು ಸಾಲಿಗಿ ನಡೀರಿ ಅಕ್ಕಾವ್ರ, ಹೊತ್ತಾಗ್ತದ" ಅಂದನಂತೆ.