ಫರಸಿ ಮ್ಯಾಲಿನ ಕಲೆ

ಯಾದಗಿರಿ, ಶಹಾಪುರ, ಸುರಪುರದ ಕಡೆ ಮನಿ ಮುಂದಿನ ಅಂಗಳಕ್ಕೆ ಇಟ್ಟಂಗಿಗಿಂತ ಫರಸಿನೇ ಹೆಚ್ಚು. ಉರ್ದುವಿನ ‘ಫರ್ಶ್’ ಅಂದ್ರ ನೆಲ. 1948ರ ತನಕ ಇದು ನಿಜಾಮರ ಸೀಮೆ. ಆಡಳಿತದ ಜೊತೆ ಅವರ ಮಾತೂ ನಮ್ಮ ಅಂಗಳಕ್ಕೆ ಬಂತು. ಕಲ್ಲು ಮಾತ್ರ ಇಲ್ಲಿಯದೇ, ಭೀಮಾ ಸೀಮೆಯ ಸುಣ್ಣದ ಕಲ್ಲು. ಊರೂರಿಗೆ ‘ಶಹಾಬಾದಿ’ ಅಂತ ಹೋದದ್ದೂ ಇದೇ.

ಎಣ್ಣೆ ಚೆಲ್ಲಿದರೆ ಅಜ್ಜಿ ಒಲೆ ಬೂದಿ ಉದುರಿಸಿ, ಅದು ಹೀರಿದ ಮ್ಯಾಲೆ ನಾರಿನಿಂದ ತಿಕ್ಕುತ್ತಿದ್ದಳು. ನಾನು ಅವಸರದಾಗ ಆ್ಯಸಿಡ್ ಸುರಿದೆ. ಬುಸ್ ಅಂತ ನೊರೆ ಎದ್ದಾಗ ಕಲೆ ಹೋಯಿತಂತ ಖುಷಿಪಟ್ಟೆ. ಹೋದದ್ದು ಕಲ್ಲಿನ ಮೈ! ಸುಣ್ಣದ ಕಲ್ಲನ್ನು ಆಮ್ಲ ತಿನ್ನುತ್ತದೆ. ಮೂರು ತಲೆಮಾರು ತುಳಿದು ಬಂದ ನುಣುಪು ಐದು ನಿಮಿಷದಾಗ ಬಿಳಿಚಿತು. ನಿಮ್ಮ ಅಂಗಳದಾಗ ಹಳೇ ಫರಸಿ ಇದ್ದರೆ ಬೂದಿ, ಸಾಬೂನು ನೀರು ಸಾಕ್ರಿ.