ತೊಟ್ಟಿಕ್ಕಲೆಂದೇ ಮಾಡಿದ ಪಂಪು

ಕಾರಿಗೆ ನೀರಿನ ಪಂಪು ಬೇಕೇ ಬೇಡವೇ ಎಂಬ ವಿಷಯದಲ್ಲಿ ಫೋರ್ಡ್ ಕಂಪನಿ ಇಪ್ಪತ್ತು ವರ್ಷಗಳೊಳಗೆ ಎರಡು ಸಲ ಮನಸ್ಸು ಬದಲಿಸಿತು. 1908ರಲ್ಲಿ ಬಂದ ಮಾಡೆಲ್ ಟಿಯ ಮೊದಲ ಸುಮಾರು 2,500 ಕಾರುಗಳಲ್ಲಿ ಪಂಪು ಇತ್ತು. ಮರುವರ್ಷವೇ ಅದನ್ನು ಕಿತ್ತುಹಾಕಿ, ಕಾದ ನೀರು ತಾನಾಗಿ ಮೇಲೇರಿ ತಣಿದ ನೀರು ಕೆಳಗಿಳಿಯುವ ಥರ್ಮೋಸೈಫನ್ ಕ್ರಮಕ್ಕೆ ಇಂಜಿನನ್ನು ಒಪ್ಪಿಸಿದರು. 1927ರ ಕೊನೆಗೆ ಬಂದ ಮಾಡೆಲ್ ಎಯಲ್ಲಿ ಪಂಪು ಮತ್ತೆ ಕಾಣಿಸಿಕೊಂಡಿತು. ಟಿಯ 20 ಅಶ್ವಶಕ್ತಿಯ ಜಾಗದಲ್ಲಿ ಎಗೆ 40 ಅಶ್ವಶಕ್ತಿ. ಅಷ್ಟು ಶಾಖವನ್ನು ಹೊರಹಾಕುವುದು ನೀರಿನ ಸ್ವಂತ ಚಲನೆಯಿಂದ ಆಗುವಂಥದ್ದಲ್ಲ. ಯುರೋಪಿನಲ್ಲಿ ಈ ಲೆಕ್ಕ ಇನ್ನೂ ಮುಂಚೆಯೇ ಆಗಿತ್ತು. ವಿಲ್ಹೆಲ್ಮ್ ಮೈಬಾಖ್ ರೂಪಿಸಿದ 35 ಅಶ್ವಶಕ್ತಿಯ ಮರ್ಸಿಡಿಸ್‌ನ ಜೇನುಗೂಡು ರೇಡಿಯೇಟರಿನಲ್ಲಿ 8,070 ಪುಟ್ಟ ಕೊಳವೆಗಳಿದ್ದವು. ಅವುಗಳೊಳಗೆ ಗಾಳಿ, ಅವುಗಳ ನಡುವಿನ ಕಿರಿದಾದ ಸಂದುಗಳಲ್ಲಿ ನೀರು. ಅಂಥ ಸಂದಿಯಲ್ಲಿ ನೀರನ್ನು ತಳ್ಳಲು ಪಂಪೇ ಬೇಕು. ಹಾಗಿದ್ದೂ ಫೋರ್ಡ್ ಒಮ್ಮೆ ಅದನ್ನು ಕೈಬಿಟ್ಟದ್ದೇಕೆ? ಪಂಪು ಕಾರಿನ ಇತರ ಭಾಗಗಳಂತೆ ತನ್ನ ಪಾಡಿಗೆ ತಾನಿರುವ ವಸ್ತುವಾಗಿರಲಿಲ್ಲ. ಅದನ್ನು ಆಗಾಗ ನೋಡಿಕೊಳ್ಳುವ ಮನುಷ್ಯನೊಬ್ಬ ಇದ್ದೇ ಇರುತ್ತಾನೆ ಎಂಬ ಲೆಕ್ಕದ ಮೇಲೆಯೇ ಅದು ನಿಂತಿತ್ತು. ಅದರ ಚರಿತ್ರೆಯನ್ನು ಓದಬೇಕಾದದ್ದೂ ಹೀಗೆಯೇ ಎಂಬುದು ನನ್ನ ವಾದ.

ತೊಡಕೆಲ್ಲ ಶಾಫ್ಟಿನದು. ಅದರ ಒಂದು ತುದಿ ಬಿಸಿನೀರಿನಲ್ಲಿ, ಇನ್ನೊಂದು ತುದಿ ಹೊರಗೆ ಫ್ಯಾನಿನ ಬಳಿ. ತಿರುಗುತ್ತಲೇ ಇರುವ ಸರಳಿನ ಸುತ್ತ ನೀರು ಸೋರದಂತೆ ತಡೆಯಬೇಕು. ಇದಕ್ಕೆ ಉತ್ತರ ಉಗಿಯಂತ್ರದ ಕಾಲದಿಂದಲೇ ಸಿದ್ಧವಾಗಿತ್ತು. ಜೇಮ್ಸ್ ವಾಟ್ ತನ್ನ ಇಂಜಿನ್ನಿನ ಪಿಸ್ಟನ್ ದಂಡದ ಸುತ್ತ ಮಾಡಿದ ಹಾಗೆ, ಕೊಬ್ಬು ಮೆತ್ತಿದ ನಾರನ್ನು ಸುತ್ತಿ, ಮೇಲಿಂದ ನಟ್ ಬಿಗಿಯುವುದು. ಈ ಏರ್ಪಾಟೇ ಗ್ಲ್ಯಾಂಡ್. ಬಾವಿಯ ಪಂಪ್‌ಸೆಟ್ಟಿಗೆ ಗ್ಲ್ಯಾಂಡ್ ರೋಪ್ ಹಾಕಿದ ನಮ್ಮ ರೈತರಿಗೆ ಇದನ್ನು ವಿವರಿಸಬೇಕಿಲ್ಲ. ಬಿಗಿ ಹೆಚ್ಚಾದರೆ ಏನಾಗುತ್ತದೆಂದೂ ಅವರಿಗೆ ಗೊತ್ತು. ಹನಿ ಪೂರ್ತಿ ನಿಲ್ಲುವಂತೆ ತಿರುಚಿದರೆ ರೋಪ್ ಒಣಗಿ ಸುಡುತ್ತದೆ, ಶಾಫ್ಟಿನಲ್ಲಿ ಗೀರು ಬೀಳುತ್ತದೆ. ಗೀರು ಬಿದ್ದ ಶಾಫ್ಟಿಗೆ ಯಾವ ರೋಪೂ ನಿಲ್ಲುವುದಿಲ್ಲ. ನಡುನಡುವೆ ತೊಟ್ಟಿಕ್ಕುವ ಆ ಹನಿಯೇ ರೋಪನ್ನು ನೆನೆಸಿ ತಣ್ಣಗಿಡುವಂಥದ್ದು. ಕಾರಿನಲ್ಲಿ ಈ ಕೆಲಸದ ಒಂದು ಪಾಲನ್ನು ಗ್ರೀಸಿಗೆ ವಹಿಸಿದರು. ಕೆಲವು ನೂರು ಮೈಲಿಗೊಮ್ಮೆ ಮಾಲೀಕ ಇಲ್ಲವೇ ಡ್ರೈವರ್ ಪಂಪಿಗೆ ಕೂರಿಸಿದ ಗ್ರೀಸ್ ಕಪ್ಪಿನ ಮುಚ್ಚಳವನ್ನು ಒಂದಿಷ್ಟು ತಿರುಗಿಸಿ ಗ್ರೀಸನ್ನು ಒಳಗೆ ದಬ್ಬಬೇಕಿತ್ತು.

ಯಾವ ಗ್ರೀಸ್ ಎಂಬುದು ಇಡೀ ಕಥೆಯ ಅತ್ಯಂತ ಸ್ವಾರಸ್ಯದ ಭಾಗ, ಆದರೂ ಕಾರುಪ್ರಿಯರು ಇದರ ಬಗ್ಗೆ ಮಾತನಾಡುವುದು ಕಡಿಮೆ. ಗ್ರೀಸ್ ಎಂದರೆ ಸಾಬೂನಿನಲ್ಲಿ ಹಿಡಿದಿಟ್ಟ ಎಣ್ಣೆ. ಸೋಡಿಯಂ ಸಾಬೂನಿನ ಗ್ರೀಸ್ ಬಿಸಿಗೆ ಜಗ್ಗದು, ನೀರು ತಾಗಿದರೆ ಕದಡಿಹೋಗುತ್ತದೆ. ಸುಣ್ಣದ, ಅಂದರೆ ಕ್ಯಾಲ್ಸಿಯಂ ಸಾಬೂನಿನದು ನೀರಿಗೆ ಕರಗದು. ಆದರೆ ಅದರ ಕಟ್ಟು ತನ್ನೊಳಗಿನ ಅಲ್ಪ ನೀರಿನಂಶದಿಂದಲೇ ನಿಂತಿರುವುದರಿಂದ ಸುಮಾರು 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಬಿಟ್ಟುಕೊಳ್ಳುತ್ತದೆ. ಪಂಪಿನಲ್ಲಿ ಬಿಸಿಯೂ ಇದೆ, ನೀರೂ ಇದೆ. ಕೊನೆಗೆ ಒಪ್ಪಿಕೊಂಡದ್ದು ಸುಣ್ಣದ ಗ್ರೀಸನ್ನೇ, ‘ವಾಟರ್ ಪಂಪ್ ಗ್ರೀಸ್’ ಎಂಬ ಹೆಸರಿನಲ್ಲಿ. ಅದು ಬಿಸಿಗೆ ಕರಗಿ ಹೋಗುವಂಥದ್ದೇ, ಹೋದಷ್ಟನ್ನು ಮತ್ತೆ ತುಂಬಬೇಕು. ಅತಿಯಾಗಿ ತುಂಬಿದರೆ ಇನ್ನೊಂದು ಕೇಡು: ಹೆಚ್ಚಾದದ್ದು ನೀರಿನ ಜೊತೆ ಸಾಗಿ ರೇಡಿಯೇಟರಿನ ಒಳಮೈಗೆ ಮೆತ್ತಿಕೊಂಡು ಶಾಖ ದಾಟದಂತೆ ಅಡ್ಡ ಕೂರುತ್ತದೆ. ಎರಡೂ ಗುಣಗಳಿರುವ ಲಿಥಿಯಂ ಗ್ರೀಸ್ ಬಂದದ್ದು 1940ರ ದಶಕದಲ್ಲಿ. ಅಷ್ಟರಲ್ಲಿ ಪಂಪಿನ ರಚನೆಯೇ ಬದಲಾಗತೊಡಗಿತ್ತು.

ನಾರಿನ ಬದಲು ಸ್ಪ್ರಿಂಗ್ ಒತ್ತಿ ಹಿಡಿಯುವ ಕಾರ್ಬನ್ ಉಂಗುರ, ಗ್ರೀಸ್ ತುಂಬಿಯೇ ಮುಚ್ಚಿದ ಬೇರಿಂಗು: ಈ ಎರಡು ಸೇರಿ ಕೆಲಸದಿಂದ ಮಾಲೀಕನನ್ನು ಬಿಡಿಸಿದವು. ಆದರೆ ಒಮ್ಮೆಗೇ ಅಲ್ಲ. 1950ರ ದಶಕದ ಬಿಎಂಸಿ ಬಿ ಸರಣಿಯ ಇಂಜಿನ್‌ಗಳಲ್ಲಿ, ಅಂದರೆ ಮುಂದೆ ನಮ್ಮ ಅಂಬಾಸಿಡರನ್ನು ಎಳೆದ ವಂಶದಲ್ಲಿ, ಕಾರ್ಬನ್ ಸೀಲೂ ಇತ್ತು, ಗ್ರೀಸಿನ ತಿರುಪೂ ಇತ್ತು. ಇದೇ ಸರಣಿಯ ಇಂಜಿನ್ನಿದ್ದ ಎಂಜಿಎ ಕಾರಿನ ಕೈಪಿಡಿ ಗ್ರೀಸನ್ನು ಮಿತವಾಗಿ ಹಾಕಲು ಎಚ್ಚರಿಸುತ್ತದೆ; ಹೆಚ್ಚಾದರೆ ಬೇರಿಂಗ್ ದಾಟಿ ಸೀಲಿನ ಮುಖಕ್ಕೆ ತಾಗಿ ಅದನ್ನು ಕೆಡಿಸುತ್ತದಂತೆ. ಹಿಂದಿನ ಪಂಪನ್ನು ಕಾಪಾಡಿದ ಕೈ ಇಲ್ಲಿ ಅಪಾಯಕಾರಿ. ಹಳೆಯದು ಬರೀ ಕೆಟ್ಟ ತಂತ್ರಜ್ಞಾನ, ಅದಕ್ಕೇಕೆ ಇಷ್ಟು ಗೌರವ ಎಂದು ಕೇಳಬಹುದು. ತುಕ್ಕು ಹಿಡಿಯುವ ಉಕ್ಕಿನ ಶಾಫ್ಟನ್ನು ನೀರಿನಲ್ಲಿಟ್ಟದ್ದು ಕೆಟ್ಟದ್ದೇ, ಒಪ್ಪುತ್ತೇನೆ. ಅದು ಲೋಹದ ದೋಷ, ಗ್ಲ್ಯಾಂಡಿನದಲ್ಲ. ಮುಚ್ಚಿದ ಸೀಲೂ ಸವೆಯುತ್ತದೆ. ಸವೆದಾಗ ಬಿಗಿಯಲು ಅಲ್ಲಿ ನಟ್ ಇಲ್ಲ. ಪಂಪಿನ ಕೆಳಗಿನ ಸಣ್ಣ ತೂತಿನಿಂದ ಅದೂ ತೊಟ್ಟಿಕ್ಕಿ ಮುನ್ಸೂಚನೆ ಕೊಡುತ್ತದಲ್ಲ ಎಂದರೆ ನಿಜ, ಆದರೆ ಆ ಸೂಚನೆಗೆ ಇರುವ ಪರಿಹಾರ ಹೊಸ ಪಂಪು ಒಂದೇ.

ಇಂದು ಹಳೆಯ ಪಂಪನ್ನು ಹೊಸದಾಗಿ ಕಟ್ಟುವವರ ನಡುವಿನ ಜಗಳವೂ ಇದೇ. ಒಂದು ಬಣ ಹೊರರೂಪ ಉಳಿಸಿ ಒಳಗೆ ರಬ್ಬರ್ ಸೀಲು, ಮುಚ್ಚಿದ ಬೇರಿಂಗು ಕೂರಿಸುತ್ತದೆ. ಇನ್ನೊಂದಕ್ಕೆ ಶಾಫ್ಟಿನ ಉಕ್ಕು ಬದಲಾದರೂ ಅಪಚಾರ. ದಿನವೂ ಓಡುವ ಕಾರಿಗೆ ಮೊದಲ ಬಣದ ಮಾತು ಸರಿ. ಆದರೆ ವಿಂಟೇಜ್ ಕಾರುಗಳು ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು, ಧರ್ಮಸ್ಥಳದ ಸಂಗ್ರಹದಂಥ ಕಡೆಯಂತೂ ಹೇಳಬೇಕಿಲ್ಲ. ತಿಂಗಳುಗಟ್ಟಲೆ ಒಣಗಿ ನಿಂತ ರಬ್ಬರ್ ತುಟಿ ಬಿರುಕು ಬಿಟ್ಟರೆ ಪಂಪನ್ನು ಬಿಚ್ಚಲೇಬೇಕು. ಒಣಗಿದ ಗ್ಲ್ಯಾಂಡಾದರೋ ನೀರು ಕುಡಿದು ಉಬ್ಬುತ್ತದೆ, ಉಳಿದದ್ದಕ್ಕೆ ಸ್ಪ್ಯಾನರಿನ ಕಾಲು ಸುತ್ತು ಸಾಕು. ಆದ್ದರಿಂದ ಸ್ಟೇನ್‌ಲೆಸ್ ಶಾಫ್ಟು, ಹೊಸ ಕಂಚಿನ ಬುಷ್, ಕಲ್ನಾರಿನ ಜಾಗದಲ್ಲಿ ಗ್ರಾಫೈಟ್ ರೋಪ್ ಹಾಕಿ, ಗ್ಲ್ಯಾಂಡ್ ನಟ್ಟನ್ನೂ ಗ್ರೀಸ್ ಕಪ್ಪನ್ನೂ ಇದ್ದಲ್ಲೇ ಬಿಡುವ ಮೆಕ್ಯಾನಿಕ್ಕೇ ಆ ಪಂಪನ್ನು ಸರಿಯಾಗಿ ಅರ್ಥಮಾಡಿಕೊಂಡವನು. ಕಾರಿನ ಕೆಳಗೆ ಒಂದು ತಟ್ಟೆ ಇಡಬೇಕಾಗುತ್ತದೆ, ಅಷ್ಟೆ.