ಪ್ರಬಲ ಸಂಸ್ಥೆಯ ಬೆಲೆ ನಾಯಕತ್ವ

ಮಾರುಕಟ್ಟೆಯ ದೊಡ್ಡ ಪಾಲು ಒಂದೇ ಸಂಸ್ಥೆಯ ಕೈಯಲ್ಲಿದ್ದು, ಉಳಿದದ್ದು ಹಲವು ಸಣ್ಣ ಉತ್ಪಾದಕರಲ್ಲಿ ಹಂಚಿಹೋಗಿರುವಾಗ ಬೆಲೆ ನಿಗದಿಯಾಗುವ ಬಗೆ. ಸಣ್ಣವರು ದೊಡ್ಡ ಸಂಸ್ಥೆಯ ಬೆಲೆಯನ್ನೇ ಒಪ್ಪಿ, ತಮಗೆ ಗಿಟ್ಟುವಷ್ಟು ಮಾರುತ್ತಾರೆ. ದೊಡ್ಡ ಸಂಸ್ಥೆ ಒಟ್ಟು ಬೇಡಿಕೆಯಿಂದ ಆ ಪೂರೈಕೆಯನ್ನು ಕಳೆದು, ಉಳಿದ ಬೇಡಿಕೆಯಲ್ಲಿ ತನ್ನ ಸೀಮಾಂತ ಆದಾಯ (ಇನ್ನೊಂದು ಘಟಕ ಮಾರಿದರೆ ಬರುವ ಹೆಚ್ಚುವರಿ ಆದಾಯ) ಸೀಮಾಂತ ವೆಚ್ಚಕ್ಕೆ (ಆ ಘಟಕ ತಯಾರಿಸಲು ತಗಲುವ ಹೆಚ್ಚುವರಿ ವೆಚ್ಚಕ್ಕೆ) ಸಮನಾಗುವಂತೆ ಬೆಲೆ ಕಟ್ಟುತ್ತದೆ.

1901ರಲ್ಲಿ ಹುಟ್ಟಿದ ಅಮೆರಿಕದ ಯು.ಎಸ್. ಸ್ಟೀಲ್ ಪ್ರಸಿದ್ಧ ನಿದರ್ಶನ. ಆರಂಭದಲ್ಲಿ ದೇಶದ ಉಕ್ಕಿನ ಸುಮಾರು ಮೂರರಲ್ಲಿ ಎರಡು ಪಾಲು ಅದರದೇ. ಅದರ ಅಧ್ಯಕ್ಷ ಎಲ್ಬರ್ಟ್ ಗ್ಯಾರಿ 1907ರಿಂದ ಪ್ರತಿಸ್ಪರ್ಧಿಗಳನ್ನು ಊಟಕ್ಕೆ ಕರೆದು ಬೆಲೆ ಕುಸಿಯದಂತೆ ನೋಡಿಕೊಂಡರು. ಇದು ಬರಿಯ ನಾಯಕತ್ವವಲ್ಲ, ಒಳಒಪ್ಪಂದಕ್ಕೇ ಹತ್ತಿರ. ಆದರೆ ಎತ್ತರದ ಬೆಲೆಯ ಲಾಭ ಪಡೆದು ಸಣ್ಣವರು ಬೆಳೆದರು. 1920ರ ಹೊತ್ತಿಗೆ ಸಂಸ್ಥೆಯ ಪಾಲು ಅರ್ಧದ ಆಸುಪಾಸಿಗೆ ಇಳಿದಿತ್ತು. ಗಾತ್ರವೊಂದೇ ಅಪರಾಧವಾಗದೆಂದು ಅದೇ ವರ್ಷ ಏಕಸ್ವಾಮ್ಯ ವಿರೋಧಿ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಸಂಸ್ಥೆಯನ್ನು ಒಡೆಯಲು ನಿರಾಕರಿಸಿತು.